ಚಳಿಗೆ ಕರಗುವ ಕದಿರು

ಗೋಕಾಕದವರಿಗೆ ಕದಿರು ಎಂದರೇನೆಂದು ವಿವರಿಸಬೇಕಾಗಿಲ್ಲ. 1887ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ಆರಂಭವಾದ ಮೇಲೆ ಈ ಭಾಗದ ಎಷ್ಟೋ ಮನೆತನಗಳು ಕದಿರನ್ನು ನಂಬಿ ಬದುಕಿವೆ. ಅದಕ್ಕೂ ಐದು ವರ್ಷ ಮೊದಲು, 1882ರಲ್ಲಿ, ಜರ್ಮನಿಯ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಒಂದು ಜೀವಕೋಶ ಎರಡಾಗುವ ಬಗೆಯನ್ನು ಚಿತ್ರಗಳ ಸಮೇತ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕೋಶ ಒಡೆಯುವ ಮುನ್ನ ಅದರೊಳಗೆ ನಡು ದಪ್ಪಗಿದ್ದು ತುದಿಗಳು ಚೂಪಾದ ಎಳೆಗಳ ಗುಚ್ಛವೊಂದು ಮೂಡುತ್ತದೆ. ನೂಲುವ ಕದಿರನ್ನು ಹೋಲುವುದರಿಂದ ಅದಕ್ಕೂ ಅದೇ ಹೆಸರು. ವರ್ಣತಂತುಗಳನ್ನು ಎರಡೂ ಕಡೆಗೆ ಸರಿಸಮನಾಗಿ ಹಂಚುವುದು ಅದರ ಕೆಲಸ. ಹಂಚಿಕೆ ತಪ್ಪಿದರೆ ಕೋಶದ ಲೆಕ್ಕವೇ ತಪ್ಪುತ್ತದೆ.

ಆದರೆ ಒಂದು ಸಂಶಯ ಬಹುಕಾಲ ಉಳಿದಿತ್ತು. ರಾಸಾಯನಿಕದಲ್ಲಿ ಅದ್ದಿ, ಕೊಂದು, ಬಣ್ಣ ಕೊಟ್ಟ ಕೋಶದಲ್ಲಿ ಎಳೆಗಳು ಕಾಣುತ್ತಿದ್ದವು. ಜೀವಂತ ಕೋಶದಲ್ಲಿ ಸಾಮಾನ್ಯವಾಗಿ ಕಾಣುತ್ತಿರಲಿಲ್ಲ. ಹಾಗಾದರೆ ಅವು ನಿಜವೋ, ರಾಸಾಯನಿಕ ಸೃಷ್ಟಿಸಿದ ಭ್ರಮೆಯೋ? ಈ ವಾದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ನಡೆಯಿತು.

ಈ ನಡುವೆ ಉಷ್ಣತೆಯ ಕಡೆಯಿಂದ ಒಂದು ಸುಳಿವು ಸಿಕ್ಕಿತು. 1932ರಲ್ಲಿ ಅಮೆರಿಕದ ರ‍್ಯಾಂಡಾಲ್ಫ್ ಎಂಬುವರು ಗೋವಿನಜೋಳದ ಎಳೆಯ ತೆನೆಗಳಿಗೆ ಅಲ್ಪಕಾಲ ಹೆಚ್ಚಿನ ಶಾಖ ಕೊಟ್ಟಾಗ, ಕೆಲವು ಸಸಿಗಳಲ್ಲಿ ವರ್ಣತಂತುಗಳು ಇಮ್ಮಡಿಯಾಗಿದ್ದವು. ಅಂದರೆ ಉಷ್ಣತೆ ಏರುಪೇರಾದರೆ ಕೋಶವಿಭಜನೆ ಅರ್ಧಕ್ಕೇ ನಿಲ್ಲಬಹುದು.

ಸಂಶಯವನ್ನು ಬಿಡಿಸಿದವರು ಜಪಾನ್ ಮೂಲದ ಶಿನ್ಯ ಇನೌಯೆ. ಯುದ್ಧದಿಂದ ಜರ್ಜರಿತವಾಗಿದ್ದ ಜಪಾನಿನಲ್ಲಿ ಅವರು ಹಳೆಯ ಮೆಷಿನ್‌ಗನ್ನಿನ ಪೀಠ, ಚಹಾ ಡಬ್ಬಿಗಳನ್ನು ಜೋಡಿಸಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಮಾಡಿಕೊಂಡರು. ಮುಂದೆ ಅಮೆರಿಕದಲ್ಲಿ ಅದನ್ನು ಸುಧಾರಿಸಿ, 1953ರಲ್ಲಿ ಜೀವಂತ ಕೋಶದಲ್ಲಿಯೇ ಕದಿರಿನ ಎಳೆಗಳನ್ನು ತೋರಿಸಿದರು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಕೋಶವನ್ನು ತಂಪು ಮಾಡಿದಾಗ ಎಳೆಗಳು ಕರಗಿಹೋದವು. ಬೆಚ್ಚಗೆ ಮಾಡಿದಾಗ ಕೆಲವೇ ನಿಮಿಷಗಳಲ್ಲಿ ಮತ್ತೆ ಕಟ್ಟಿಕೊಂಡವು. ಅದೇ ಕೋಶದಲ್ಲಿ ಇದನ್ನು ಮತ್ತೆ ಮತ್ತೆ ಮಾಡಬಹುದಿತ್ತು. ಗಿರಣಿಯ ಕದಿರು ಉಕ್ಕಿನದು, ಸ್ಥಿರ. ಕೋಶದ ಕದಿರಾದರೋ ಕ್ಷಣಕ್ಷಣಕ್ಕೂ ಬಿಚ್ಚಿ ಕಟ್ಟಿಕೊಳ್ಳುವಂಥದು.

ಇದೇಕೆ ಹೀಗೆ? ಎಳೆಗಳು ಟ್ಯುಬ್ಯುಲಿನ್ ಎಂಬ ಪ್ರೋಟೀನಿನ ತುಣುಕುಗಳಿಂದಾದ ಸೂಕ್ಷ್ಮ ನಾಳಗಳು. ಬಿಡಿ ತುಣುಕುಗಳ ಸುತ್ತ ನೀರಿನ ಕಣಗಳು ಶಿಸ್ತಾಗಿ ಅಂಟಿಕೊಂಡಿರುತ್ತವೆ. ತುಣುಕುಗಳು ಕೂಡಿಕೊಳ್ಳುವಾಗ ಆ ನೀರು ಬಿಡುಗಡೆಯಾಗುತ್ತದೆ. ಬಿಸುಪು ಇದಕ್ಕೆ ಅನುಕೂಲ, ಚಳಿ ಪ್ರತಿಕೂಲ. 1972ರಲ್ಲಿ ವೈಸನ್‌ಬರ್ಗ್ ಎಂಬುವರು ಮಿದುಳಿನಿಂದ ತೆಗೆದ ಈ ಪ್ರೋಟೀನನ್ನು, ಕ್ಯಾಲ್ಸಿಯಂ ಅಂಶವನ್ನು ತಡೆದು, ಬೆಚ್ಚಗೆ ಮಾಡಿ ಕೋಶದ ಹೊರಗೇ ನಾಳಗಳು ಕಟ್ಟಿಕೊಳ್ಳುವಂತೆ ಮಾಡಿದರು. ಹಾಗೆಂದು ಎಲ್ಲ ಜೀವಿಗಳಿಗೂ ಒಂದೇ ಅಳತೆಯಿಲ್ಲ. ಅಂಟಾರ್ಕ್ಟಿಕಾದ ಹಿಮದ ನೀರಿನ ಮೀನುಗಳಲ್ಲಿ ಶೂನ್ಯ ಡಿಗ್ರಿಯ ಆಸುಪಾಸಿನಲ್ಲೂ ಈ ನಾಳಗಳು ಕಟ್ಟಿಕೊಳ್ಳುತ್ತವೆ.

ಚಳಿ ಮಾಡುವ ಕೆಲಸವನ್ನೇ ಮಾಡುವ ಒಂದು ಔಷಧವೂ ಉಂಟು. ಯುನಾನಿ ಹಕೀಮರು ಕೀಲುನೋವಿಗೆ ಕೊಡುತ್ತ ಬಂದ ಸುರಂಜಾನ್ ಗಡ್ಡೆಯನ್ನು ಇಬ್ನ್ ಸೀನಾ ಸಹ ತಮ್ಮ ವೈದ್ಯಗ್ರಂಥದಲ್ಲಿ ಹೆಸರಿಸಿದ್ದಾರೆ. ಆ ಜಾತಿಯ ಗಡ್ಡೆಗಳಿಂದ ದೊರೆಯುವ ಕಾಲ್ಚಿಸಿನ್ ಟ್ಯುಬ್ಯುಲಿನ್‌ಗೆ ಅಂಟಿಕೊಂಡು ಕದಿರು ಕಟ್ಟದಂತೆ ತಡೆಯುತ್ತದೆ. 1967ರಲ್ಲಿ ಬೊರಿಸಿ ಮತ್ತು ಟೇಲರ್ ಈ ಪ್ರೋಟೀನನ್ನು ಪತ್ತೆಹಚ್ಚಿದ್ದು ಕಾಲ್ಚಿಸಿನ್ ಅಂಟುವ ಗುಣದಿಂದಲೇ. ಕ್ಯಾನ್ಸರಿನ ಕೆಲವು ಔಷಧಗಳೂ ಇದೇ ಕದಿರಿನ ಮೇಲೆ ಕೆಲಸ ಮಾಡುತ್ತವೆ.

ವಿದ್ಯಾರ್ಥಿ ಮಿತ್ರರೇ, ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳಲ್ಲಿ ನೀವು ಉಳ್ಳಾಗಡ್ಡಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಈ ಇತಿಹಾಸ ನೆನಪಿರಲಿ. ವರ್ಣತಂತು ಎಣಿಸಲು ಕಾಲ್ಚಿಸಿನ್ ಬೇಕೆನ್ನುತ್ತಾರೆ. ಅದು ತುಟ್ಟಿ, ಮೇಲಾಗಿ ವಿಷ. ಆದರೆ ಬೇರನ್ನು ಸುಮಾರು ಒಂದು ದಿನ ಹಿಮದ ನೀರಿನಲ್ಲಿಟ್ಟರೂ ಕದಿರು ಕರಗಿ, ವರ್ಣತಂತುಗಳು ಗಿಡ್ಡವಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ದೊಡ್ಡ ಪ್ರಯೋಗಾಲಯವಿಲ್ಲವೆಂದು ಕೊರಗಬೇಕಿಲ್ಲ. ಚಹಾ ಡಬ್ಬಿಯಿಂದ ಆರಂಭಿಸಿದವರು ಎಪ್ಪತ್ತು ವರ್ಷದ ವಾದವನ್ನು ಮುಗಿಸಿದರು. ನಮ್ಮ ಊರುಗಳಲ್ಲಿ ಹಿಮದ ತುಂಡಿಗೆ ಬರವಿಲ್ಲ. ಬೇಕಾದದ್ದು ತಾಳ್ಮೆಯಿಂದ ನೋಡುವ ಕಣ್ಣು.