ಕರಿ ಉಣ್ಣೆ, ಮಲೆನಾಡ ಮಳೆ

ಮಲೆನಾಡಿನ ಅಂಚಿನ ಮಾಚೇನಹಳ್ಳಿಯಿಂದ ಪೂರ್ವಕ್ಕೆ ದಾವಣಗೆರೆ, ಚಿತ್ರದುರ್ಗದ ಬಯಲುಸೀಮೆ. ಅದು ಬಳ್ಳಾರಿ, ದಖ್ಖನಿ ತಳಿಯ ಕುರಿಗಳ ನಾಡು. ಪಶ್ಚಿಮಕ್ಕೆ ಮಲೆನಾಡು. ಬಯಲುಸೀಮೆಯ ಉಣ್ಣೆ ಮಲೆನಾಡಿನ ಮಳೆಗೆ ಕಂಬಳಿಕೊಪ್ಪೆಯಾಯಿತು.

ಕರಿಕಂಬಳಿಯನ್ನು ಹತ್ತಿರದಿಂದ ನೋಡಿ. ಎಳೆ ಒರಟು, ಅಲ್ಲಲ್ಲಿ ಗಂಟು. ಕಪ್ಪು ಅದ್ದಿದ ಬಣ್ಣವಲ್ಲ, ಕುರಿಯ ಮೈಬಣ್ಣವೇ. ಉಣ್ಣೆಯ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ಹಾಗಾಗಿ ಮಳೆಹನಿ ಬೇಗ ಒಳಗಿಳಿಯದು. ವರ್ಷಕ್ಕೆ ಎರಡು ಬಾರಿ ಕತ್ತರಿಸಿದ ಉಣ್ಣೆಯನ್ನು ಹಿಂಜಿ, ಮನೆಯ ಹೆಂಗಸರು ನೂಲು ತೆಗೆಯುತ್ತಿದ್ದರು. ಹಾಸಿನ ನೂಲಿಗೆ ಹುಣಸೆಬೀಜದ ಸರಿ ಬಳಿದು, ಒಣಗಿಸಿ, ಗುಣಿಮಗ್ಗದಲ್ಲಿ ನೇಯುವುದು ಕುರುಬ ಸಮುದಾಯದ ತಲೆಮಾರುಗಳ ವಿದ್ಯೆ. ಇದು ಉಳಿಯಲೇಬೇಕಾದ ವಿದ್ಯೆ.

ಎಲ್ಲ ಕುರಿಯ ಉಣ್ಣೆಯೂ ಕಂಬಳಿಗೆ ಬರುವುದಿಲ್ಲ. ಮಂಡ್ಯ ಸೀಮೆಯ ಬನ್ನೂರು ಕುರಿ ಗಿಡ್ಡ ಕಾಲಿನ, ದುಂಡು ಮೈಯದು, ಹೆಸರಾದದ್ದು ಮಾಂಸಕ್ಕೆ. ರಾಯಚೂರು, ಕೊಪ್ಪಳದ ಕೆಂಗುರಿಯೂ ಹಾಗೆಯೇ. ವಿದೇಶಿ ಮೆರಿನೋ ಉಣ್ಣೆ ನಯ, ಸ್ವೆಟರಿಗೆ ಸರಿ. ನಾಟಿಗದ್ದೆಯಲ್ಲಿ ತಲೆಗೆ ಹೊದೆಯಲು ದಖ್ಖನಿಯ ಒರಟೇ ಬೇಕು.

ಕುರಿಯ ಉಪಯೋಗ ಉಣ್ಣೆ, ಮಾಂಸಕ್ಕೇ ಮುಗಿಯದು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವ ರೂಢಿಯೂ ಹಳೆಯದು. ಹಿಕ್ಕೆ, ಗಂಜಲ ನೆಲಕ್ಕೆ. ಕಾಳು ಇಲ್ಲವೇ ಹಣ ಕುರಿಗಾಹಿಗೆ.