ಸಿಪ್ರೊಫ್ಲಾಕ್ಸಾಸಿನ್, ಬಿಸಿಲು ಮತ್ತು ಹೇಮಾವತಿಯ ನೀರು

ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ಎಂಬ ಪ್ರತಿಜೀವಕ ಬಿಸಿಲಿಗೆ ಬಿದ್ದರೆ ಗಂಟೆಗಳಲ್ಲಿ ಒಡೆದುಹೋಗುತ್ತದೆ, ಹೊಳೆ ಸೇರಿದರೂ ಚಿಂತೆಯಿಲ್ಲ ಎಂಬ ಮಾತು ಈಚೆಗೆ ವಿಚಾರಸಂಕಿರಣಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ಹಾಸನ ಜಿಲ್ಲೆಯ ಮಟ್ಟಿಗೆ ಇದು ಅಪಾಯದ ಸಮಾಧಾನ. ಹೊಳೆನರಸೀಪುರ ಹೇಮಾವತಿಯ ದಂಡೆಯಲ್ಲೇ ಇದೆ, ಚನ್ನರಾಯಪಟ್ಟಣದ ಕಡೆಗೆ ಅದೇ ಹೊಳೆಯ ನಾಲೆ ಹರಿಯುತ್ತದೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಜನ ಕಾವೇರಿಯಲ್ಲಿ ಮೀಯುತ್ತಾರೆ.

ಈ ಔಷಧದ ಆರಂಭದ ಕಥೆ ಚಿಕ್ಕದು. ಕ್ಲೋರೊಕ್ವಿನ್ ತಯಾರಿಕೆಯ ಉಪೋತ್ಪನ್ನವೊಂದರಿಂದ ನಾಲಿಡಿಕ್ಸಿಕ್ ಆಮ್ಲ ಹುಟ್ಟಿ, 1962ರಲ್ಲಿ ಲೋಕಕ್ಕೆ ತಿಳಿಯಿತು. ಆ ಆಮ್ಲದ ಬಳಗದ ಅಣುವಿಗೆ ಫ್ಲೋರಿನ್ನೂ ಪೈಪರಜಿನ್ ಉಂಗುರವೂ ಸೇರಿ ನಾರ್‌ಫ್ಲಾಕ್ಸಾಸಿನ್ ಬಂತು, 1980ರ ದಶಕದಲ್ಲಿ ಸಿಪ್ರೊ ಬಂತು. ಬೆಳಕಿನ ಪ್ರಶ್ನೆಗೆ ಒತ್ತು ಸಿಕ್ಕಿದ್ದು ರೋಗಿಗಳ ಚರ್ಮದಿಂದ: ಅದೇ ಬಳಗದ ಲೋಮೆಫ್ಲಾಕ್ಸಾಸಿನ್ ನುಂಗಿ ಬಿಸಿಲಿಗೆ ಹೋದವರ ಮೈ ಸುಟ್ಟಂತೆ ಕೆಂಪೇರುತ್ತಿತ್ತು. ಇಟಲಿಯ ಪಾವಿಯಾದಲ್ಲಿ ಆಂಜೆಲೊ ಅಲ್ಬಿನಿ, ಎಲಿಸಾ ಫಸಾನಿ ಮತ್ತು ಸಂಗಡಿಗರು ಕಾರಣವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿದರು. ಸಿಪ್ರೊ ಅಣು ಸುಮಾರು 275 ಮತ್ತು 325 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ. ಓಜೋನ್ ಪದರ ದಾಟಿ ನೆಲಕ್ಕೆ ಬರುವುದರಲ್ಲಿ ಎರಡನೆಯದೇ ಕೆಲಸಕ್ಕೆ ಬರುತ್ತದೆ. ಬೆಳಕು ಹೀರಿ ಉದ್ರೇಕಗೊಂಡ ಅಣುವಿನಿಂದ ಫ್ಲೋರಿನ್ ಕಳಚಿ ಹೈಡ್ರಾಕ್ಸಿಲ್ ಕೂರಬಹುದು, ಇಲ್ಲವೇ ಪೈಪರಜಿನ್ ಉಂಗುರ ಹರಿಯಬಹುದು. ನೀರಿನ ಪಿಎಚ್ ತಟಸ್ಥದ ಹತ್ತಿರವಿದ್ದಾಗ ಅಣುವಿನ ಒಂದು ತುದಿ ಋಣ, ಇನ್ನೊಂದು ಧನ. ಒಡೆಯುವ ವೇಗವೂ ಆಗಲೇ ಹೆಚ್ಚು.

2007ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನ ಶುದ್ಧೀಕರಣ ಘಟಕ ಹೊರಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊ ಇದೆಯೆಂದು ಸ್ವೀಡನ್ನಿನ ಲಾರ್ಸನ್ ತಂಡ ಪ್ರಕಟಿಸಿತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ನೀರು ಸೇರಿದ ಔಷಧ ಏನಾಗುತ್ತದೆ ಎಂಬ ಅಧ್ಯಯನಕ್ಕೆ ಗಾಂಭೀರ್ಯ ಬಂದದ್ದು ಅಲ್ಲಿಂದ.

ಕರ್ನಾಟಕದ ಕೊಡುಗೆಯನ್ನು ಹೊರಗಿನ ಸಮೀಕ್ಷೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ಇದು ಅನ್ಯಾಯ. ಮೈಸೂರಿನಲ್ಲಿ ಡಿ.ಎಸ್. ಮಹದೇವಪ್ಪನವರು ಕ್ಲೋರಮೀನ್-ಟಿಯಂಥ ಹ್ಯಾಲೊಅಮೀನುಗಳ ಮೇಲೆ ಕಟ್ಟಿದ ಪರಂಪರೆ, ಧಾರವಾಡದಲ್ಲಿ ನಂದಿಬೇವೂರರ ತಂಡ ಬೆಳೆಸಿದ ಉತ್ಕರ್ಷಣ ವೇಗಶಾಸ್ತ್ರ, ಇವು ನಮ್ಮ ತಲೆಮಾರಿಗೆ ಒಂದು ಶಿಸ್ತು ಕಲಿಸಿದವು: ಪಿಎಚ್, ತಾಪ, ಲವಣದ ಪ್ರಮಾಣ ಒಂದೊಂದನ್ನೇ ಬದಲಿಸು, ವೇಗ ಅಳೆ, ಉತ್ಪನ್ನ ಗುರುತಿಸು, ಆಮೇಲೆ ಬಾಯಿ ತೆರೆ. ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆಯಲ್ಲಿ ರವಿರಾಜ ಕುಲಕರ್ಣಿ ಮತ್ತು ಸಹೋದ್ಯೋಗಿಗಳು ಕ್ಲೋರಿನ್ ಹಾಕಿದ ನೀರಿನಲ್ಲಿ ಲಿವೊಫ್ಲಾಕ್ಸಾಸಿನ್ ಏನಾಗುತ್ತದೆಂದು ನೋಡಿದ್ದು, ಬೆಳ್ಳಿ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್‌ನಿಂದ ಲೋಮೆಫ್ಲಾಕ್ಸಾಸಿನ್ ಒಡೆದದ್ದು ಈ ಶಿಸ್ತಿಗೆ ಹತ್ತಿರದ ಕೆಲಸ. ಆಮೇಲೆ ಬಂದದ್ದು ಔಷಧ ಒಡೆಯುವ ವೇಗವರ್ಧಕಗಳ ಸುಗ್ಗಿ. ಬಟ್ಟಿ ಇಳಿಸಿದ ನೀರು, ಪಾದರಸ ದೀಪ, ಹೊಸ ನ್ಯಾನೊಪುಡಿ, ಶೇಕಡಾ ತೊಂಬತ್ತರ ಮೇಲಿನ ಫಲಿತಾಂಶ. ಪ್ರಬಂಧಗಳು ಹೆಚ್ಚಿದಷ್ಟು ತಿಳಿವಳಿಕೆ ಹೆಚ್ಚಲಿಲ್ಲ.

ಮೂಲ ಔಷಧ ಕಾಣೆಯಾದರೆ ಅದರ ಶಕ್ತಿಯೂ ಹೋಯಿತೆಂದು ಭಾವಿಸುವುದು ದೊಡ್ಡ ತಪ್ಪು. ಸಿಪ್ರೊದ ಮಟ್ಟಿಗೆ ಸುದ್ದಿ ಒಳ್ಳೆಯದೇ: ಪಾಲ್, ಡಾಡ್, ಸ್ಟ್ರಾಥ್‌ಮನ್ 2010ರಲ್ಲಿ ತೋರಿಸಿದಂತೆ, ಅಣು ಒಡೆದಷ್ಟೂ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇಳಿಯುತ್ತದೆ. ದನಗಳಿಗೆ ಕೊಡುವ ಎನ್ರೊಫ್ಲಾಕ್ಸಾಸಿನ್ ಹಾಗಲ್ಲ. ಅದರಿಂದ ಈಥೈಲ್ ಗುಂಪು ಕಳಚಿದರೆ ಉಳಿಯುವುದು ಸಿಪ್ರೊವೇ. ಹಾಲಿನ ಜಿಲ್ಲೆಯಾದ ಹಾಸನದಲ್ಲಿ ಕೊಟ್ಟಿಗೆಯ ಗಂಜಲ ಕೆರೆ ಸೇರುವ ದಾರಿಯನ್ನು ಇದಕ್ಕಾಗಿಯೇ ನೋಡಬೇಕು.

ಇನ್ನು ನೀರು. ಮುಂಗಾರಿನಲ್ಲಿ ಹೇಮಾವತಿ ಕೆಂಪಗೆ ರಾಡಿಯಾಗಿ ಹರಿಯುತ್ತದೆ, ಮೇಲೆ ಮೋಡ. ನೇರಳಾತೀತ ಕಿರಣ ಎಷ್ಟು ಆಳ ಇಳಿದೀತು? ಕೊಳೆತ ಎಲೆಯ ಕಂದು ಪದಾರ್ಥ ಒಮ್ಮೆ ಬೆಳಕನ್ನು ತಡೆಯುತ್ತದೆ, ಒಮ್ಮೆ ತಾನೇ ಬೆಳಕು ಹೀರಿ ಔಷಧವನ್ನು ಒಡೆಯಲು ನೆರವಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಔಷಧದ ಅಣುವಿಗೆ ಅಂಟಿಕೊಂಡು ಲೆಕ್ಕ ಬದಲಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಈ ಔಷಧಗಳು ಹೂಳಿಗೆ ಬಲವಾಗಿ ಕಚ್ಚಿಕೊಳ್ಳುತ್ತವೆ, ಕೆರೆಯ ತಳಕ್ಕೆ ಬಿಸಿಲು ಮುಟ್ಟುವುದೇ ಇಲ್ಲ.

2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನ ಪ್ರತಿಜೀವಕಕ್ಕೆ ಮಿತಿ ಹಾಕುವ ಕರಡು ತಂದಿತ್ತು, 2021ರ ಅಂತಿಮ ನಿಯಮದಲ್ಲಿ ಅದು ಬಿಟ್ಟುಹೋಯಿತು. ನಿಯಮ ಬರುವವರೆಗೆ ಕಾಯದೆ ಮಾಡಬಹುದಾದ ಅಳತೆಗೆ ನಮ್ಮಲ್ಲೇ ಜಾಗವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದೊಳಗೆ ನಾಲೆಯ ನೀರು ಕತ್ತಲಲ್ಲೇ ಹರಿಯುತ್ತದೆ. ಅದರ ಎರಡೂ ಬಾಯಲ್ಲಿ, ಹೊಳೆನರಸೀಪುರದ ಕೆಳಗೆ, ಒಂದೆರಡು ಕೆರೆಯ ಹೂಳಿನಲ್ಲಿ ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಮಾದರಿ ತೆಗೆದು, ಔಷಧದ ಪ್ರಮಾಣದ ಜೊತೆಗೆ ಬ್ಯಾಕ್ಟೀರಿಯಾದ ಮೇಲೆ ಅದರ ಉಳಿದ ಶಕ್ತಿಯನ್ನೂ ಅಳೆಯಬೇಕು.