ಹೆದ್ದಾರಿ ವಿಶ್ರಾಂತಿ ತಾಣ: ಹಣ ಯಾರದು, ಬಾಡಿಗೆ ಯಾರಿಗೆ?

ಬಾಗಲಕೋಟೆ: ವಿದ್ಯಾಗಿರಿಯಿಂದ ದೂರದೂರಿಗೆ ಹೊರಡುವವರ ಮುಂದೆ ಎರಡು ದೊಡ್ಡ ದಾರಿಗಳಿವೆ. ಪಶ್ಚಿಮಕ್ಕೆ ಗದ್ದನಕೇರಿ ಕ್ರಾಸ್ ಬಳಿ ಹಾದುಹೋಗುವ ಹುಬ್ಬಳ್ಳಿ-ವಿಜಯಪುರ ಮಾರ್ಗ ರಾಷ್ಟ್ರೀಯ ಹೆದ್ದಾರಿ 52. ಪೂರ್ವಕ್ಕೆ ಹುನಗುಂದ, ಇಳಕಲ್ ಮೂಲಕ ಹೊಸಪೇಟೆಯತ್ತ ಸಾಗುವುದು ಹೆದ್ದಾರಿ 50. ಹಳಬರ ಬಾಯಲ್ಲಿ ಇದು ಇನ್ನೂ ಹದಿಮೂರೇ. ರಾತ್ರಿ ಲಾರಿ ಓಡಿಸುವವನಿಗೆ, ಕುಟುಂಬದೊಡನೆ ಹೊರಟ ಹೆಣ್ಣುಮಗಳಿಗೆ ಈ ದಾರಿಗಳಲ್ಲಿ ಬೇಕಾಗುವುದು ಶುಚಿಯಾದ ಶೌಚಾಲಯ, ಕುಡಿಯುವ ನೀರು, ವಾಹನ ನಿಲ್ಲಿಸಿ ಒಂದು ತಾಸು ಒರಗಲು ಜಾಗ. ಇವುಗಳ ಖರ್ಚನ್ನು ಯಾರು ಹೊರಬೇಕು, ಅಂಗಡಿಗಳ ಬಾಡಿಗೆ ಯಾರ ಪಾಲಾಗುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ ಪ್ರಕಾರ ಹೆದ್ದಾರಿಯ ಒಡೆತನ ಕೇಂದ್ರ ಸರಕಾರದ್ದು. 1988ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ರಸ್ತೆ ನಿರ್ಮಾಣವಷ್ಟೇ ಅಲ್ಲ, ರಸ್ತೆಬದಿಯ ಹೋಟೆಲು, ಮೋಟೆಲು, ವಿಶ್ರಾಂತಿ ಕೊಠಡಿಗಳನ್ನು ಸ್ಥಾಪಿಸಿ ನಡೆಸುವ ಅಧಿಕಾರವನ್ನೂ ಅದರ 16ನೇ ಕಲಮು ನೀಡಿದೆ. ಅಧಿಕಾರವೇನೋ ಅಂದಿನಿಂದ ಇದೆ, ಆದರೆ ಅದನ್ನು ವ್ಯಾಪಕವಾಗಿ ಬಳಸುವ ಯೋಜನೆ ಬಂದದ್ದು ಬಹಳ ತಡವಾಗಿ.

ಹೆದ್ದಾರಿ 50ರ ವಿಜಯಪುರ-ಹುನಗುಂದ (ಸುಮಾರು 97 ಕಿ.ಮೀ.) ಮತ್ತು ಹುನಗುಂದ-ಹೊಸಪೇಟೆ (ಸುಮಾರು 99 ಕಿ.ಮೀ.) ಭಾಗಗಳು ಚತುಷ್ಪಥವಾದದ್ದು ಖಾಸಗಿ ಸಹಭಾಗಿತ್ವದಲ್ಲಿ. ಗುತ್ತಿಗೆದಾರ ಸಂಸ್ಥೆ ಹಣ ಹೂಡಿ ರಸ್ತೆ ಕಟ್ಟಿ, ನಿಗದಿತ ವರ್ಷಗಳ ಕಾಲ ಟೋಲ್ ವಸೂಲು ಮಾಡಿ, ಕೊನೆಗೆ ರಸ್ತೆಯನ್ನು ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಲಾಭ ಸಾಲದೆಂದು ತೋರುವ ಇಂಥ ಯೋಜನೆಗಳಿಗೆ ವೆಚ್ಚದ ಶೇ. 40ರವರೆಗೆ ಸರಕಾರಿ ಅನುದಾನಕ್ಕೆ ಅವಕಾಶವಿದೆ. ಇಂಥ ಒಪ್ಪಂದಗಳಲ್ಲಿ ಲಾರಿ ತಂಗುದಾಣ, ಬಸ್ ನಿಲುಗಡೆ ಮುಂತಾದವು ರಸ್ತೆಯ ಅಂಗಗಳೇ ಹೊರತು ಬೇರೆ ವ್ಯಾಪಾರವಲ್ಲ. ಅಂದರೆ ಅವುಗಳ ಖರ್ಚನ್ನು ಟೋಲ್ ತೆತ್ತವರೇ ಭರಿಸುತ್ತಾರೆ.

2021ರಲ್ಲಿ ಪ್ರಕಟವಾದ ಯೋಜನೆಯ ದಾರಿ ಬೇರೆ. ಪ್ರತಿ 30ರಿಂದ 50 ಕಿ.ಮೀ.ಗೆ ಒಂದರಂತೆ ದೇಶದಲ್ಲಿ 600ಕ್ಕೂ ಹೆಚ್ಚು ತಾಣಗಳನ್ನು ನಿರ್ಮಿಸುವ ಗುರಿ ಅದರದು. ಭೂಮಿ ಪ್ರಾಧಿಕಾರದ್ದು, ಕಟ್ಟಡದ ಬಂಡವಾಳ ಖಾಸಗಿಯವರದು. ಹೆಚ್ಚು ವಾರ್ಷಿಕ ಬಾಡಿಗೆ ಕೂಗಿದವರಿಗೆ ದೀರ್ಘಾವಧಿ ಗುತ್ತಿಗೆ. ಸರಕಾರದ ಬೊಕ್ಕಸಕ್ಕೆ ಇದು ಹಿತವಾದ ಲೆಕ್ಕ. ಆದರೆ ಕೂಗಿದ ಬಾಡಿಗೆ ಎಲ್ಲಿಂದ ಹುಟ್ಟಬೇಕು? ಚಹಾದ ಬೆಲೆಯಿಂದ, ಊಟದ ಬೆಲೆಯಿಂದ. ಶೌಚಾಲಯದಿಂದ ಆದಾಯವಿಲ್ಲವಾದ್ದರಿಂದ ಬಾಡಿಗೆಯ ಭಾರ ಹೆಚ್ಚಿದಷ್ಟೂ ಮೊದಲು ಸೊರಗುವ ಭಯವಿರುವುದು ಅದಕ್ಕೇ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಬಿಡುಗಡೆ ಮಾಡಿದ 'ಹಮ್‌ಸಫರ್' ನೀತಿ ಶುಚಿತ್ವಕ್ಕೆ ಒತ್ತು ಕೊಟ್ಟದ್ದು ಈ ಕಾರಣಕ್ಕೆ ಗಮನಾರ್ಹ.

ಹೊರದೇಶಗಳ ಅನುಭವ ಒಂದೇ ತೆರನಾಗಿಲ್ಲ. ಬ್ರಿಟನ್ನಿನಲ್ಲಿ 1959ರಲ್ಲಿ ಎಂ-1 ಮಾರ್ಗದೊಡನೆ ಆರಂಭವಾದ ತಾಣಗಳ ಭೂಮಿ ಸರಕಾರದ್ದೇ ಆಗಿತ್ತು, ನಡೆಸುವವರು ಬಾಡಿಗೆದಾರರು; 1992ರಲ್ಲಿ ಸರಕಾರ ಆ ವ್ಯವಸ್ಥೆಯಿಂದ ಹಿಂದೆ ಸರಿಯಿತು. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ವಿಶ್ರಾಂತಿ ತಾಣಗಳಲ್ಲಿ, ಹಳೆಯ ಟೋಲ್ ರಸ್ತೆಗಳನ್ನು ಬಿಟ್ಟರೆ, ಹೋಟೆಲು, ಪೆಟ್ರೋಲ್ ಬಂಕುಗಳಿಗೆ ಆಸ್ಪದವೇ ಇಲ್ಲ. ಪಕ್ಕದ ಊರುಗಳ ವ್ಯಾಪಾರ ಕೆಡಬಾರದೆಂಬುದು ಅಲ್ಲಿನ ವಾದ.

ಆ ವಾದ ನಮ್ಮಲ್ಲಿಗೂ ಸಲ್ಲುತ್ತದೆ. 2021ರ ಯೋಜನೆ ಸ್ಥಳೀಯ ಕರಕುಶಲ ವಸ್ತುಗಳಿಗೆ 'ಗ್ರಾಮ ಸಂತೆ'ಯನ್ನೂ ಹೇಳಿದೆ. ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ದೊರೆಯಲಾರದು. ಆದರೆ ಹರಾಜಿನ ದರದಲ್ಲಿ ಮಳಿಗೆ ಹಿಡಿಯುವ ಶಕ್ತಿ ನೇಕಾರನಿಗೆ ಇರದು. ಜೋಳದ ರೊಟ್ಟಿಯ ಖಾನಾವಳಿಯವನ ಕಥೆಯೂ ಅಷ್ಟೆ. ಗುತ್ತಿಗೆಯ ಕರಾರಿನಲ್ಲೇ ಕೆಲವು ಮಳಿಗೆಗಳನ್ನು ಕಡಿಮೆ ಬಾಡಿಗೆಗೆ ಕಾದಿರಿಸದಿದ್ದರೆ ಆ ಸಂತೆ ಹೆಸರಿಗಷ್ಟೇ ಉಳಿದೀತು.

ಗ್ರಾಮ ಪಂಚಾಯಿತಿಯ ಪಾಲಿನ ಮಾತೂ ಇದೆ. ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿ ರಾಜ್ಯದ ಹಾಗೂ ಸ್ಥಳೀಯ ಸಂಸ್ಥೆಗಳ ತೆರಿಗೆಯಿಂದ ವಿನಾಯಿತಿ ನೀಡಿದೆ. ಗುತ್ತಿಗೆಯ ಬಾಡಿಗೆ ಸಲ್ಲುವುದು ಪ್ರಾಧಿಕಾರಕ್ಕೆ. ಹೆದ್ದಾರಿಗೆ ಹೊಲ ಬಿಟ್ಟುಕೊಟ್ಟ ಊರಿಗೆ ಅದರಲ್ಲಿ ಇಂತಿಷ್ಟು ಪಾಲು ಸಲ್ಲಬೇಕೆಂದು 1988ರ ಕಾಯ್ದೆ ಹೇಳುವುದಿಲ್ಲ.